ದೋಣಿ ಒಂದೇ ಕಡೆಗೆ ಎಳೆಯುವುದೇಕೆ?

ಮಕ್ಕಳೇ, ಜೋಡೆತ್ತಿನ ಗಾಡಿಯನ್ನು ನೋಡಿದ್ದೀರಲ್ಲವೆ? ಎಡಗಡೆಯ ಎತ್ತು ಬಿರುಸಾಗಿ, ಬಲಗಡೆಯದು ನಿಧಾನವಾಗಿ ನಡೆದರೆ ಗಾಡಿ ಯಾವ ಕಡೆಗೆ ಹೊರಳುತ್ತದೆ? ಬಲಗಡೆಗೆ, ಅಂದರೆ ನಿಧಾನವಾದ ಎತ್ತಿನ ಕಡೆಗೆ. ಎರಡು ಎಂಜಿನ್‌ಗಳಿರುವ ಮೋಟಾರು ದೋಣಿಯಲ್ಲೂ ಹೀಗೆಯೇ ಆಗುತ್ತದೆ.

ದೋಣಿಯ ಹಿಂಬದಿಗೆ ಹೊರಗಡೆಯಿಂದ ಕೂರಿಸುವ ಎಂಜಿನ್‌ಗೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ಅದರ ತಳದಲ್ಲಿ, ನೀರಿನೊಳಗೆ ಪ್ರೊಪೆಲ್ಲರ್ ಇರುತ್ತದೆ. ನಮ್ಮ ಕರಾವಳಿಯ ಮೀನುಗಾರರು ಇದನ್ನು ಫ್ಯಾನು ಎನ್ನುತ್ತಾರೆ. ಫ್ಯಾನು ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಸಾಗುತ್ತದೆ. ಪೂರ್ಣ ವೇಗದಲ್ಲಿ ಅನೇಕ ಔಟ್‌ಬೋರ್ಡ್ ಎಂಜಿನ್‌ಗಳು ನಿಮಿಷಕ್ಕೆ 5000ದಿಂದ 6000 ಸುತ್ತು ತಿರುಗುತ್ತವೆ. ಇದನ್ನು ತೋರಿಸುವ ಮೀಟರು ಚಾಲಕನ ಎದುರಿಗಿರುತ್ತದೆ.

ಒಂದು ಎಂಜಿನ್ 5500 ಸುತ್ತು, ಇನ್ನೊಂದು 4500 ಸುತ್ತು ತೋರಿಸುತ್ತಿದೆ ಎಂದುಕೊಳ್ಳೋಣ. ದೋಣಿ ಒಂದು ಕಡೆಗೆ ಎಳೆಯುತ್ತಿದೆ. ಇದನ್ನು ಅಲಕ್ಷಿಸಬಾರದು. ದಡದಿಂದ ದೂರದಲ್ಲಿ ಎಂಜಿನ್ ನಿಂತುಹೋದರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯ. ಹಾಗೆಂದು ಕಂಡಕಂಡ ಭಾಗಗಳನ್ನೆಲ್ಲ ಹೊಸದಾಗಿ ಹಾಕಿದರೆ ದುಡ್ಡು ದಂಡ, ದೋಷ ಮಾತ್ರ ಹಾಗೇ ಉಳಿಯಬಹುದು. ಹಾಗಾದರೆ ದೋಷವನ್ನು ಹುಡುಕುವುದು ಹೇಗೆ?

ಮೊದಲು ನೋಡಿ, ಆಮೇಲೆ ಬಿಚ್ಚಿ

ಜಾಣ ಮೆಕ್ಯಾನಿಕ್ ಸುಲಭವಾದುದರಿಂದ ಆರಂಭಿಸುತ್ತಾನೆ.

1. ಫ್ಯಾನು: ಎಂಜಿನ್ ನಿಲ್ಲಿಸಿ, ಮೇಲಕ್ಕೆತ್ತಿ ನೋಡಬೇಕು. ಬಲೆಯ ದಾರ, ಪ್ಲಾಸ್ಟಿಕ್ ಸುತ್ತಿಕೊಂಡಿದೆಯೇ? ಎಲೆ ಬಾಗಿದೆಯೇ? ಹಾಗಿದ್ದರೆ ಎಂಜಿನ್ ಸರಿಯಿದ್ದರೂ ಭಾರ ಹೆಚ್ಚಾಗಿ ಸುತ್ತು ಕಡಿಮೆಯಾಗಬಹುದು.

2. ಇಂಧನ: ಕೆಲವು ಟ್ಯಾಂಕುಗಳ ಮುಚ್ಚಳದಲ್ಲಿ ಗಾಳಿ ಒಳಹೋಗಲು ಸಣ್ಣ ತಿರುಪು ಇರುತ್ತದೆ. ಅದನ್ನು ತೆರೆಯಲು ಮರೆತರೆ, ಇಂಧನ ಖಾಲಿಯಾದಂತೆ ಒಳಗಿನ ಒತ್ತಡ ತಗ್ಗುತ್ತದೆ, ಇಂಧನ ಸರಾಗವಾಗಿ ಬರುವುದಿಲ್ಲ. ಎಣ್ಣೆ ಡಬ್ಬಿಗೆ ಎರಡು ತೂತು ಮಾಡುವುದೇಕೆಂದು ಈಗ ತಿಳಿಯಿತೆ? ಇಂಧನಕ್ಕೆ ನೀರು ಸೇರಿದರೂ ತೊಂದರೆಯೇ. ನೀರು ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳದಲ್ಲಿ ನಿಲ್ಲುತ್ತದೆ.

3. ತಂಪುಗೊಳಿಸುವ ನೀರು: ಎಂಜಿನ್ ಓಡುವಾಗ ಅದರ ಬದಿಯಿಂದ ತೆಳುವಾದ ನೀರಿನ ಧಾರೆ ಹೊರಬೀಳುತ್ತಿರಬೇಕು. ಧಾರೆ ನಿಂತಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಬಿಸಿ ಮಿತಿಮೀರಿದರೆ ಅನೇಕ ಹೊಸ ಎಂಜಿನ್‌ಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ.

4. ವೇಗದ ಕೇಬಲ್: ಚಾಲಕ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಕೇಬಲ್ ಸಡಿಲವಾಗಿದ್ದರೆ ಎಂಜಿನ್‌ಗೆ ಪೂರ್ತಿ ವೇಗ ಸಿಗದು.

ಅದಲು ಬದಲು ಪರೀಕ್ಷೆ

ಇಷ್ಟಾದರೂ ದೋಷ ಸಿಗದಿದ್ದರೆ? ಇಲ್ಲಿಯೇ ಎರಡು ಎಂಜಿನ್ ಇರುವುದರ ಅನುಕೂಲ. ಎರಡೂ ಒಂದೇ ಮಾದರಿಯವಾದರೆ, ಸರಿಯಿರುವ ಎಂಜಿನ್ ನಮ್ಮ ಅಳತೆಗೋಲಾಗುತ್ತದೆ. ಬಲ ಎಂಜಿನ್‌ನ ಸ್ಪಾರ್ಕ್ ಪ್ಲಗ್‌ಗಳನ್ನು ಎಡಕ್ಕೂ, ಎಡದವನ್ನು ಬಲಕ್ಕೂ ಹಾಕಿ ಓಡಿಸಿ ನೋಡಬೇಕು. ದೋಷ ಬಲದಿಂದ ಎಡಕ್ಕೆ ಹೋದರೆ ತಪ್ಪು ಪ್ಲಗ್‌ನದು. ದೋಷ ಬಲದಲ್ಲೇ ಉಳಿದರೆ ಬೇರೆ ಕಡೆ ಹುಡುಕಬೇಕು. ಪ್ಲಗ್‌ಗಳನ್ನು ಮೊದಲಿದ್ದಲ್ಲಿಗೇ ಹಾಕಿ, ಮುಂದೆ ಇಂಧನದ ಟ್ಯಾಂಕು ಬದಲಿಸಬಹುದು.

ದೋಣಿ ನೇರವಾಗಿಯೇ ಸಾಗುತ್ತಿದ್ದು ಮೀಟರಿನಲ್ಲಿ ಮಾತ್ರ ವ್ಯತ್ಯಾಸ ಕಂಡರೆ ಮೀಟರನ್ನೇ ಸಂಶಯಿಸಬೇಕು. ಆಗ ಎರಡು ಮೀಟರುಗಳನ್ನು ಅದಲು ಬದಲು ಮಾಡಿ ನೋಡಬೇಕು.

ಎರಡು ಎಚ್ಚರಿಕೆಗಳಿವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಇನ್ನೊಂದು, ಕೆಲವು ದೋಣಿಗಳಲ್ಲಿ ಎರಡು ಫ್ಯಾನುಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಅವುಗಳನ್ನು ಅದಲು ಬದಲು ಮಾಡುವಂತಿಲ್ಲ. ಹೋಲಿಸುವ ಮೊದಲು, ಹೋಲಿಸಬಹುದಾದ ವಸ್ತುಗಳೇ ಎಂದು ಖಚಿತಪಡಿಸಿಕೊಳ್ಳಬೇಕು.

ವಿಜ್ಞಾನಿ ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಉಳಿದೆಲ್ಲವನ್ನು ಹಾಗೇ ಇಟ್ಟು, ಒಂದನ್ನು ಮಾತ್ರ ಬದಲಿಸಿ, ಫಲಿತಾಂಶವನ್ನು ಬರೆದಿಡುತ್ತಾನೆ.

ಮಾಡಿ ನೋಡಿ

ಎಂಜಿನ್ ಹಾಗೂ ಫ್ಯಾನಿನ ಕೆಲಸ ದೊಡ್ಡವರದು. ಅದರ ಬಳಿ ಹೋಗಬೇಡಿ. ಈ ವಿಧಾನವನ್ನು ನೀವು ಟಾರ್ಚಿನಲ್ಲಿ ಕಲಿಯಬಹುದು. ಸೆಲ್ ಹಾಕುವ, ಒಂದೇ ಬಗೆಯ ಎರಡು ಟಾರ್ಚುಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಹೊಸ ಸೆಲ್, ಇನ್ನೊಂದಕ್ಕೆ ಹಳೆಯ ಸೆಲ್ ಹಾಕಿ ಗೆಳೆಯರಿಗೆ ಕೊಡಿ. ಒಂದರ ಬೆಳಕು ಮಂಕಾಗಿರುತ್ತದೆ. ಕಾರಣ ಸೆಲ್ಲೇ, ತುಕ್ಕು ಹಿಡಿದ ತಗಡೇ, ಸ್ವಿಚ್ಚೇ? ಸೆಲ್‌ಗಳನ್ನು ಅದಲು ಬದಲು ಮಾಡಿ ಅವರೇ ಕಂಡುಹಿಡಿಯಲಿ. ಏನು ಬದಲಿಸಿದೆವು, ಏನಾಯಿತು ಎಂದು ಎರಡು ಕಾಲಮುಗಳಲ್ಲಿ ಬರೆಯಲಿ.

ಯೋಚಿಸಿ: ಎರಡು ಟಾರ್ಚುಗಳೂ ಮಂಕಾಗಿದ್ದರೆ ಈ ಪರೀಕ್ಷೆಯಿಂದ ಉತ್ತರ ಸಿಗುತ್ತದೆಯೆ? ಏಕೆ?