ಆರು ಕರೆ ಕೂಡಿದರೆ ಒಂದು ಚಿತ್ರ: ವಿಡಿಯೊ ಕಾನ್ಫರೆನ್ಸ್‌ಗೆ ಐಎಸ್‌ಡಿಎನ್ ಲೈನು ಹೊಂದಿಸುವ ಬಗೆ

ಕಚೇರಿಗೆ ವಿಡಿಯೊ ಕಾನ್ಫರೆನ್ಸ್ ಸಾಧನ ಬಂದ ದಿನ ಎಲ್ಲರ ಕಣ್ಣೂ ಕ್ಯಾಮೆರಾದ ಮೇಲೆ. ರಿಮೋಟ್ ಒತ್ತಿದರೆ ಕತ್ತು ತಿರುಗಿಸುತ್ತದೆ, ಮಾತಾಡಿದವರ ಕಡೆ ನೋಡುತ್ತದೆ. ಮೂಲೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಮೂರು ಪುಟ್ಟ ಪೆಟ್ಟಿಗೆಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಮುಖ್ಯ ಸಭೆಯ ದಿನ ಚಿತ್ರ ಚೌಕಚೌಕವಾಗಿ ಒಡೆದಾಗ ಬೈಗುಳ ತಿನ್ನುವುದು ಕ್ಯಾಮೆರಾ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಆ ಪೆಟ್ಟಿಗೆಗಳ ಆಚೀಚೆ ಇರುತ್ತದೆ, ಇಲ್ಲವೇ ಸಾಧನದ ಮೆನುವಿನಲ್ಲಿ ಬರೆದ ಒಂದು ಸಂಖ್ಯೆಯಲ್ಲಿರುತ್ತದೆ.

ಈ ಕೆಲಸ ಚಿಕ್ಕದಲ್ಲ. ಅಮೆರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ಮುಂಬೈಯಲ್ಲಿ ದಾಖಲಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2003ರ ಏಪ್ರಿಲ್‌ನಲ್ಲಿ ಹೇಳಿತು. ಸಾಕ್ಷಿಯ ಮಾತು, ರೋಗಿಯ ಎಕ್ಸ್‌ರೇ, ಮೇಷ್ಟರ ಪಾಠ ಎಲ್ಲವೂ ತಂತಿಯ ಮೇಲೆ ಬರುತ್ತವೆ. ಇಂಟರ್‌ನೆಟ್ ಮೇಲೆ ನಡೆಯುವ ಎಚ್.323 ಪದ್ಧತಿಯೂ ಬಂದಿತ್ತು. ಆದರೆ ಒಪ್ಪಿಕೊಂಡ ವೇಗ ಕೊನೆಯವರೆಗೂ ಕದಲದೆ ನಿಲ್ಲಬೇಕೆಂದರೆ ಜಿಲ್ಲಾ ಕೇಂದ್ರಗಳಲ್ಲಿ ಆಗ ನಂಬಬಹುದಾಗಿದ್ದದ್ದು ಡಿಜಿಟಲ್ ದೂರವಾಣಿ ಲೈನು, ಅಂದರೆ ಐಎಸ್‌ಡಿಎನ್. ಅದರ ಮೇಲೆ ನಡೆಯುವ ಕಾನ್ಫರೆನ್ಸ್ ಪದ್ಧತಿಗೆ ಎಚ್.320 ಎಂದು ಹೆಸರು.

ಎಷ್ಟು ಲೈನು ಬೇಕು?

ಐಎಸ್‌ಡಿಎನ್‌ನ ಸಣ್ಣ ಸಂಪರ್ಕ ಬಿಆರ್‌ಐ. ಮನೆಗೆ ಬರುವಂಥದೇ ಒಂದು ಜೋಡಿ ತಾಮ್ರದ ತಂತಿಯಲ್ಲಿ ತಲಾ 64 ಕಿಲೊಬಿಟ್‌ನ ಎರಡು ಬಿ ಚಾನಲ್, ಜತೆಗೆ 16 ಕಿಲೊಬಿಟ್‌ನ ಒಂದು ಡಿ ಚಾನಲ್ ಇರುತ್ತವೆ. ಮಾತು ಮತ್ತು ಚಿತ್ರ ಹೋಗುವುದು ಬಿ ಚಾನಲ್‌ಗಳಲ್ಲಿ. ಡಿ ಚಾನಲ್ ಎಕ್ಸ್‌ಚೇಂಜ್ ಜತೆ ಸಂಕೇತ ವಿನಿಮಯಕ್ಕೆ ಮೀಸಲು. ಒಂದು ಬಿಆರ್‌ಐ ಇದ್ದರೆ 128 ಕಿಲೊಬಿಟ್, ಮೂರಿದ್ದರೆ 384 ಕಿಲೊಬಿಟ್. ದೊಡ್ಡದಾದ ಪಿಆರ್‌ಐ ಸಂಪರ್ಕದಲ್ಲಿ ನಮ್ಮ ದೇಶದಲ್ಲೂ ಯೂರೋಪಿನಲ್ಲೂ 30 ಬಿ ಚಾನಲ್, ಅಮೆರಿಕದಲ್ಲಿ 23.

ನನ್ನ ಸಲಹೆ ನೇರವಾದದ್ದು: ಮೂರು ಬಿಆರ್‌ಐಗಿಂತ ಕಡಿಮೆಗೆ ಒಪ್ಪಬೇಡಿ. 128ರಲ್ಲಿ ಕುಶಲ ವಿಚಾರಿಸಬಹುದು, ಆದರೆ ಸಾಕ್ಷಿಯ ಮುಖಭಾವ ಓದಲಾಗದು, ಗಾಯದ ಬಣ್ಣ ಗುರುತಿಸಲಾಗದು. ಕೈ ಎತ್ತಿದರೆ ಅದರ ನೆರಳು ಹಿಂದೆಯೇ ಬಂದಂತೆ ಕಾಣುತ್ತದೆ. 384ರಲ್ಲಿ ಚಲನೆ ಸಹಜವಾಗುತ್ತದೆ. ದಿನಕ್ಕೆ ನಾಲ್ಕೈದು ಕಡೆ ಒಟ್ಟಿಗೆ ಮಾತಾಡಬೇಕಾದ ಕೇಂದ್ರ ಕಚೇರಿಗೆ ಮಾತ್ರ ಪಿಆರ್‌ಐ.

ಖರ್ಚಿನ ಲೆಕ್ಕ ಮೊದಲೇ ತಿಳಿದಿರಲಿ. ಪ್ರತಿ ಬಿ ಚಾನಲ್ಲೂ ಒಂದು ಪ್ರತ್ಯೇಕ ಕರೆ. 384ರಲ್ಲಿ ಮಾತಾಡುವಾಗ ಮೈಸೂರಿನಿಂದ ಹುಬ್ಬಳ್ಳಿಗೆ ಆರು ಎಸ್‌ಟಿಡಿ ಕರೆಗಳು ಒಟ್ಟಿಗೆ ಓಡುತ್ತಿರುತ್ತವೆ. ದುಡ್ಡು ಬೀಳುವುದು ಡಯಲ್ ಮಾಡಿದವರಿಗೆ. ಯಾರು ಯಾರಿಗೆ ಕರೆ ಮಾಡಬೇಕೆಂದು ಸಭೆಗೆ ಮೊದಲೇ ತೀರ್ಮಾನಿಸಿಕೊಳ್ಳಿ.

ಎಕ್ಸ್‌ಚೇಂಜ್‌ನಲ್ಲಿ ಕೇಳಬೇಕಾದದ್ದು

ಅರ್ಜಿ ಕೊಟ್ಟು, ಡಿಮಾಂಡ್ ನೋಟ್ ಕಟ್ಟಿ ಬಂದರೆ ಸಾಲದು. ಅಲ್ಲಿನ ಎಂಜಿನಿಯರುಗಳಾದ ಜೆಟಿಒ ಅಥವಾ ಎಸ್‌ಡಿಇ ಅವರನ್ನು ಖುದ್ದಾಗಿ ಕಂಡು ಮಾತಾಡಿ. ಮೊದಲು ಕೇಳಬೇಕಾದದ್ದು ದೂರ. ಎಕ್ಸ್‌ಚೇಂಜ್‌ನಿಂದ ನಿಮ್ಮ ಕಟ್ಟಡಕ್ಕೆ ಕೇಬಲ್ ಹಾದುಬರುವ ಉದ್ದ ಐದೂವರೆ ಕಿಲೊಮೀಟರ್ ಮೀರಿದರೆ ಬಿಆರ್‌ಐ ನಿಲ್ಲುವುದು ಕಷ್ಟ. ನಕ್ಷೆಯ ದೂರ ನೋಡಿ ಸಮಾಧಾನಪಡಬೇಡಿ, ಕೇಬಲ್ ಊರೆಲ್ಲ ಸುತ್ತಿ ಬಂದಿರುತ್ತದೆ. ಹಳೆಯ ಕವಲು ತಂತಿಗಳು ಆ ಜೋಡಿಗೆ ಎಲ್ಲಾದರೂ ಜೋತುಬಿದ್ದಿದ್ದರೆ ಕತ್ತರಿಸಿ ಹಾಕಲು ಹೇಳಿ.

ಎರಡನೆಯದು, ಲೈನಿನಲ್ಲಿ ಡೇಟಾ ಕರೆಗೆ ಅನುಮತಿ ತೆರೆದಿದೆಯೇ? ವಿಡಿಯೊ ಸಾಧನ ಮಾಡುವುದು ಮಾತಿನ ಕರೆಯಲ್ಲ, 64 ಕಿಲೊಬಿಟ್‌ನ ಡೇಟಾ ಕರೆ. ಮಾತಿಗೆ ಮಾತ್ರ ತೆರೆದ ಲೈನಿನಲ್ಲಿ ಫೋನು ಚೆನ್ನಾಗಿ ಕೆಲಸ ಮಾಡುತ್ತದೆ, ವಿಡಿಯೊ ಕರೆ ಮಾತ್ರ ಆ ಕ್ಷಣವೇ ಕಡಿಯುತ್ತದೆ. ಎಸ್‌ಟಿಡಿ ತೆರೆದಿದೆಯೇ, ವಿದೇಶಕ್ಕೆ ಮಾತಾಡಬೇಕಿದ್ದರೆ ಐಎಸ್‌ಡಿ ತೆರೆದಿದೆಯೇ ಎಂದೂ ವಿಚಾರಿಸಿ. ಮೂರರಲ್ಲಿ ಒಂದು ಲೈನಿಗೆ ಮಾತ್ರ ಎಸ್‌ಟಿಡಿ ಬೀಗ ಬಿದ್ದಿದ್ದರೂ ಚಿತ್ರದ ವೇಗ ಮೂರನೇ ಎರಡಕ್ಕೆ ಇಳಿಯುತ್ತದೆ.

ಮೂರನೆಯದಾಗಿ, ಪ್ರತಿ ಲೈನಿನ ಸಂಖ್ಯೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬೇರೆ ಏರ್ಪಾಡು ಕೇಳಿಕೊಳ್ಳದಿದ್ದರೆ ಒಂದು ಬಿಆರ್‌ಐಗೆ ಒಂದೇ ಸಂಖ್ಯೆ, ಅದರ ಮೇಲೆ ಎರಡು ಚಾನಲ್.

ಇನ್ನೊಂದು ಮಾತು ಲೈನ್‌ಮ್ಯಾನ್ ಬಗ್ಗೆ. ಐಎಸ್‌ಡಿಎನ್ ಜೋಡಿಗೆ ಸಾಮಾನ್ಯ ಟೆಸ್ಟ್ ಫೋನ್ ಹಾಕಿದರೆ ಡಯಲ್ ಟೋನ್ ಬರುವುದಿಲ್ಲ. ‘ಟೋನ್ ಇಲ್ಲ ಸಾರ್, ಲೈನ್ ಡೆಡ್ಡು’ ಎಂದು ಅವರು ಹೇಳಿದರೆ ಅದು ಅವರ ತಪ್ಪಲ್ಲ. ಆದರೆ ಸತ್ತ ಜೋಡಿಯೆಂದು ಭಾವಿಸಿ ಅದನ್ನು ಬೇರೊಬ್ಬರ ಫೋನಿಗೆ ಕೊಟ್ಟುಬಿಡುವ ಅಪಾಯವಿದೆ. ಎಕ್ಸ್‌ಚೇಂಜ್‌ನಲ್ಲಿ ತಂತಿಗಳು ಬಂದು ಸೇರುವ ಎಂಡಿಎಫ್‌ನಲ್ಲೂ ಕಂಬದ ಡಿಪಿ ಪೆಟ್ಟಿಗೆಯಲ್ಲೂ ಆ ಮೂರು ಜೋಡಿಗಳಿಗೆ ‘ಐಎಸ್‌ಡಿಎನ್’ ಎಂಬ ಚೀಟಿ ಕಟ್ಟಿಸಿ.

ಗೋಡೆಯ ಪೆಟ್ಟಿಗೆಯಿಂದ ಸಾಧನದವರೆಗೆ

ಎಕ್ಸ್‌ಚೇಂಜ್‌ನ ಎರಡು ತಂತಿ ಬಂದು ಸೇರುವ ಪೆಟ್ಟಿಗೆಯೇ ಎನ್‌ಟಿ-1. ಅದರಿಂದಾಚೆ ನಾಲ್ಕು ತಂತಿಯ ಎಸ್ ಸಂಪರ್ಕ ಹೊರಟು ಆರ್‌ಜೆ-45 ಜ್ಯಾಕ್‌ನ ಮೂಲಕ ಸಾಧನ ಸೇರುತ್ತದೆ. ಕೆಲಸ ಮಾಡುವುದು ನಡುವಿನ 3, 4, 5, 6ನೇ ಪಿನ್‌ಗಳು ಮಾತ್ರ. ಕಂಪ್ಯೂಟರಿಗೆ ಬಳಸುವ ನೇರ ನೆಟ್‌ವರ್ಕ್ ಕೇಬಲ್ ಇಲ್ಲಿಗೂ ಆಗುತ್ತದೆ, ಕ್ರಾಸ್ ಕೇಬಲ್ ಆಗದು. ಸಾಧನದ ಹಿಂದೆ ಲ್ಯಾನ್ ಜ್ಯಾಕ್ ಕೂಡ ಇದೇ ಆಕಾರದಲ್ಲಿರುವುದರಿಂದ ಐಎಸ್‌ಡಿಎನ್ ಕೇಬಲನ್ನು ಅದಕ್ಕೆ ಚುಚ್ಚದಂತೆ ಕೇಬಲ್‌ಗಳಿಗೆ ಬಣ್ಣದ ಟೇಪು ಸುತ್ತಿ.

ಪ್ರತಿ ಎನ್‌ಟಿ-1ರಿಂದ ಸಾಧನದ ಒಂದೊಂದು ಬಿಆರ್‌ಐ ಜ್ಯಾಕ್‌ಗೆ ಒಂದೊಂದು ಕೇಬಲ್. ಒಂದು ಎಸ್ ಸಂಪರ್ಕದಲ್ಲಿ ಎಂಟು ಸಾಧನ ಕೂರಿಸಬಹುದು ಎಂದು ಪುಸ್ತಕದಲ್ಲಿದೆ. ಇದ್ದರೂ ವಿಡಿಯೊ ಲೈನಿಗೆ ಬೇರೇನನ್ನೂ ಕೂರಿಸಬೇಡಿ. ಕೇಬಲ್ ಉದ್ದವಾಗಿ ಓಡಿದ್ದರೆ ಅದರ ಕೊನೆಯಲ್ಲಿ 100 ಓಮ್‌ನ ಎರಡು ರೆಸಿಸ್ಟರ್, ಜೋಡಿಗೊಂದರಂತೆ, ಇರಬೇಕು. ಕೆಲವು ಪೆಟ್ಟಿಗೆಗಳಲ್ಲಿ ಸಾಮಾನ್ಯ ಫೋನಿಗೂ ಜ್ಯಾಕ್ ಇರುತ್ತದೆ. ಅದಕ್ಕೆ ಫೋನು ಸಿಕ್ಕಿಸಿ ಯಾರೋ ಮಾತಾಡುತ್ತಿದ್ದರೆ ನಿಮ್ಮ ಆರು ಚಾನಲ್‌ನಲ್ಲಿ ಒಂದು ಹೋಯಿತು. ಆ ಜ್ಯಾಕ್‌ಗಳನ್ನು ಖಾಲಿ ಬಿಡಿ.

ಪೆಟ್ಟಿಗೆಯ ದೀಪ ನಿಲ್ಲದೆ ಮಿನುಗುತ್ತಿದ್ದರೆ ಎಕ್ಸ್‌ಚೇಂಜ್ ಜತೆ ಅದರ ಹೊಂದಾಣಿಕೆ ಆಗಿಲ್ಲವೆಂದು ಅರ್ಥ. ಆಗ ಮೆನುವಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ, ತಂತಿ ನೋಡಬೇಕು. ಮೂರೂ ಪೆಟ್ಟಿಗೆಗಳನ್ನು ಸಾಧನ ಮತ್ತು ಟೀವಿ ಇರುವ ಯುಪಿಎಸ್‌ಗೇ ಸೇರಿಸಿ. ಕರೆಂಟು ಹೋದಾಗ ಟೀವಿ ಉಳಿದು ಲೈನು ಸತ್ತ ಕಚೇರಿಗಳನ್ನು ನಾನು ನೋಡಿದ್ದೇನೆ.

ಮೆನುವಿನಲ್ಲಿ ಬರೆಯುವುದು

ಪಾಲಿಕಾಮ್ ಇರಲಿ, ಟ್ಯಾಂಡ್‌ಬರ್ಗ್ ಇರಲಿ, ಸೋನಿ ಇರಲಿ, ಮೆನುವಿನ ಹೆಸರು ಬೇರೆಯಾದರೂ ಕೇಳುವ ಪ್ರಶ್ನೆಗಳು ಒಂದೇ. ಮೊದಲು ದೇಶ ಭಾರತ, ದೇಶದ ಸಂಕೇತ 91. ಆಮೇಲೆ ಸ್ವಿಚ್ ಬಗೆ ಅಥವಾ ಪ್ರೋಟೊಕಾಲ್. ಇಲ್ಲಿ ‘ಯೂರೊ ಐಎಸ್‌ಡಿಎನ್’ ಅಥವಾ ‘ಇಟಿಎಸ್‌ಐ’ ಆಯ್ಕೆ ಮಾಡಿ. ಪಟ್ಟಿಯಲ್ಲಿ ಕಾಣುವ ‘ನ್ಯಾಷನಲ್ ಐಎಸ್‌ಡಿಎನ್’ ಎಂಬುದು ನಮ್ಮ ರಾಷ್ಟ್ರದ್ದಲ್ಲ, ಅಮೆರಿಕದ್ದು. ಹೆಸರು ನೋಡಿ ಮೋಸಹೋಗಬೇಡಿ. ‘ಸ್ಪಿಡ್’ ಎಂಬ ಸಂಖ್ಯೆ ಕೇಳಿದರೆ ಅದೂ ಉತ್ತರ ಅಮೆರಿಕದ ಪದ್ಧತಿ, ಖಾಲಿ ಬಿಡಿ.

ಎಸ್‌ಟಿಡಿ ಸಂಕೇತವನ್ನು ಮುಂದಿನ ಸೊನ್ನೆ ಬಿಟ್ಟು ಬರೆಯಿರಿ. ಮೈಸೂರಿಗೆ 821, ಹಾಸನಕ್ಕೆ 8172, ಬೆಂಗಳೂರಿಗೆ 80. ಆ ಸೊನ್ನೆಯನ್ನು ಡಯಲ್ ಮಾಡುವಾಗ ಸೇರಿಸುತ್ತೇವೆ. ವಿದೇಶಕ್ಕೆ 00. ಕಚೇರಿಯ ಸ್ವಂತ ಎಕ್ಸ್‌ಚೇಂಜ್ ಆದ ಇಪಿಎಬಿಎಕ್ಸ್ ಒಳಗಿಂದ ಲೈನು ಹಾದು ಬಂದಿದ್ದರೆ ಹೊರಗೆ ಹೋಗಲು ಒತ್ತಬೇಕಾದ 0 ಅಥವಾ 9ನ್ನು ಪೂರ್ವಸಂಖ್ಯೆಯ ಜಾಗದಲ್ಲಿ ತುಂಬಿ.

ಮುಂದೆ ಬರುವುದು ‘ವಿಡಿಯೊ ನಂಬರ್’ ತುಂಬುವ ಪುಟ. ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರಿಕೆಯಿಂದ ಮಾಡಬೇಕಾದದ್ದು ಇದೇ. ಏಕೆಂದು ಸ್ವಲ್ಪ ವಿವರವಾಗಿ ಹೇಳಬೇಕು.

ಆರು ಕರೆಗಳನ್ನು ಒಂದಾಗಿ ಹೆಣೆಯುವ ಪದ್ಧತಿಗೆ ಬಾಂಡಿಂಗ್ ಎನ್ನುತ್ತಾರೆ. ಎದುರಿನವರು ನಿಮ್ಮ ಮೊದಲ ಸಂಖ್ಯೆಯನ್ನಷ್ಟೇ ಡಯಲ್ ಮಾಡುತ್ತಾರೆ. ಆ ಒಂದು ಚಾನಲ್ ಸೇರಿದ ಕೂಡಲೇ ನಿಮ್ಮ ಸಾಧನ ತನ್ನ ಉಳಿದ ಐದು ಚಾನಲ್‌ಗಳ ಸಂಖ್ಯೆಗಳನ್ನು ಅವರ ಸಾಧನಕ್ಕೆ ತಾನೇ ಹೇಳಿಕೊಡುತ್ತದೆ. ಅದನ್ನು ನಂಬಿ ಅವರ ಸಾಧನ ಉಳಿದ ಐದು ಕರೆ ಮಾಡುತ್ತದೆ. ನೀವು ಆ ಪುಟದಲ್ಲಿ ಬರೆದದ್ದೇ ಅದಕ್ಕೆ ವಿಳಾಸ. ಒಂದು ಅಂಕಿ ತಪ್ಪಿದ್ದರೂ ಆ ಕರೆ ಬೇರೆಲ್ಲಿಗೋ ಹೋಗುತ್ತದೆ. ಅದು ಡೇಟಾ ಕರೆಯಾದ್ದರಿಂದ ಅಲ್ಲಿ ಯಾರ ಮನೆಯ ಫೋನೂ ಬಡಿದುಕೊಳ್ಳುವುದಿಲ್ಲ, ಯಾರೂ ‘ರಾಂಗ್ ನಂಬರ್’ ಎಂದು ರೇಗುವುದಿಲ್ಲ. ತಪ್ಪು ಸದ್ದಿಲ್ಲದೆ ಉಳಿದುಬಿಡುತ್ತದೆ.

ಒಂದು ಜಿಲ್ಲಾ ಕಚೇರಿಯಲ್ಲಿ ನನಗೆ ಇದೇ ಅನುಭವವಾಯಿತು. ಅವರು ಬೇರೆಯವರಿಗೆ ಕರೆ ಮಾಡಿದರೆ 384, ಚಿತ್ರ ಸೊಗಸು. ಬೆಂಗಳೂರಿನಿಂದ ಅವರಿಗೆ ಕರೆ ಬಂದರೆ 64ರಲ್ಲೇ ನಿಂತುಬಿಡುತ್ತಿತ್ತು. ಸಾಧನ ಬದಲಿಸಿದರು, ಕೇಬಲ್ ಬದಲಿಸಿದರು, ಎಕ್ಸ್‌ಚೇಂಜ್‌ಗೆ ದೂರು ಕೊಟ್ಟರು. ಕೊನೆಗೆ ಆ ಪುಟ ತೆರೆದು ನೋಡಿದರೆ ಹಳೆಯ ಸಂಖ್ಯೆಗಳೇ ಕೂತಿದ್ದವು. ನಮ್ಮ ಸ್ಥಿರ ದೂರವಾಣಿ ಸಂಖ್ಯೆಗಳ ಮುಂದೆ 2 ಎಂಬ ಅಂಕಿಯನ್ನು ಹೊಸದಾಗಿ ಸೇರಿಸಿದ್ದರು, ಆಗ ಲೆಟರ್‌ಹೆಡ್ ತಿದ್ದಿದವರು ಸಾಧನವನ್ನು ಮರೆತಿದ್ದರು. ತಾವು ಕರೆ ಮಾಡುವಾಗ ಎದುರಿನವರ ಸಂಖ್ಯೆ ಮುಖ್ಯ, ಕರೆ ಬರುವಾಗ ತಮ್ಮದು. ಲಕ್ಷಣ ಅಷ್ಟು ಸ್ಪಷ್ಟವಾಗಿದ್ದರೂ ಮೂರು ತಿಂಗಳು ಕಳೆದಿತ್ತು.

ಆದ್ದರಿಂದ ಒಂದನೇ ಲೈನಿನ ಎರಡೂ ಚಾನಲ್‌ಗೆ ಒಂದನೇ ಸಂಖ್ಯೆ, ಎರಡನೇ ಲೈನಿನ ಎರಡಕ್ಕೂ ಎರಡನೇ ಸಂಖ್ಯೆ, ಹೀಗೆ ತುಂಬಿ. ಎಸ್‌ಟಿಡಿ ಸಂಕೇತ ಇಲ್ಲಿ ಬೇಡ, ಸ್ಥಳೀಯ ಸಂಖ್ಯೆ ಸಾಕು. ಯಾವ ಕೇಬಲ್ ಯಾವ ಜ್ಯಾಕ್‌ನಲ್ಲಿದೆ ಎಂಬುದು ಸಂಖ್ಯೆಗಳ ಕ್ರಮಕ್ಕೆ ಹೊಂದಬೇಕು.

ಧ್ವನಿಯ ಆಯ್ಕೆಯನ್ನೂ ಗಮನಿಸಿ. 128ರಲ್ಲಿ ಜಿ.711 ಧ್ವನಿ ಇಟ್ಟರೆ ಅರ್ಧ ಜಾಗ ಮಾತೇ ನುಂಗುತ್ತದೆ. ಜಿ.728 ಕೇವಲ 16 ಕಿಲೊಬಿಟ್ ತೆಗೆದುಕೊಂಡು ಉಳಿದದ್ದನ್ನು ಚಿತ್ರಕ್ಕೆ ಬಿಡುತ್ತದೆ. 384ರಲ್ಲಿ ಧಾರಾಳವಾಗಿ ಜಿ.722 ಇಡಿ, ಮಾತು ತುಂಬ ತಿಳಿಯಾಗಿ ಕೇಳುತ್ತದೆ.

ಪಿಆರ್‌ಐ ತೆಗೆದುಕೊಂಡವರು ಹೆಚ್ಚಾಗಿ ನೋಡಬೇಕಾದದ್ದು ಸ್ವಲ್ಪವೇ: ಲೈನ್ ಕೋಡಿಂಗ್ ಎಚ್‌ಡಿಬಿ3, ಸಿಆರ್‌ಸಿ-4 ಎರಡು ಕಡೆಯೂ ಒಂದೇ ರೀತಿ, ಕೇಬಲ್ 120 ಓಮ್‌ನದೋ 75 ಓಮ್‌ನದೋ ಎಂಬ ಖಚಿತತೆ. ಅಲ್ಲಿ ಎಲ್ಲ ಚಾನಲ್‌ಗೂ ಒಂದೇ ಸಂಖ್ಯೆ ಇಡಬಹುದಾದ್ದರಿಂದ ಮೇಲೆ ಹೇಳಿದ ಗೋಜಲು ಕಡಿಮೆ.

ಪರೀಕ್ಷೆ

ಮೂರೂ ಲೈನು ಒಟ್ಟಿಗೆ ಸಿಕ್ಕಿಸಿ 384ರಲ್ಲಿ ಮೊದಲ ಕರೆ ಮಾಡಬೇಡಿ. ಒಂದನ್ನೇ ಇಟ್ಟು ಉಳಿದೆರಡನ್ನು ಕಳಚಿ 128ರಲ್ಲಿ ಕರೆ ಮಾಡಿ, ಎದುರಿನವರಿಂದಲೂ ಒಮ್ಮೆ ಮಾಡಿಸಿ. ಮೂರು ಲೈನಿಗೂ ಹೀಗೆಯೇ. ಪ್ರತಿ ಲೈನೂ ಎರಡು ದಿಕ್ಕಿನಲ್ಲೂ ಪಾಸಾದ ಮೇಲೆ ಒಟ್ಟು ಸೇರಿಸಿ. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಮುಂದೆ ದೋಷ ಬಂದಾಗ ಯಾವ ಲೈನೆಂದು ಹುಡುಕುತ್ತ ಕೂರಬೇಕಿಲ್ಲ.

ಕರೆ ಕಡಿದಾಗ ಪರದೆಯಲ್ಲಿ ಒಂದು ಅಂಕಿ ಬರುತ್ತದೆ. ಅದನ್ನು ಓದದೆ ಮುಚ್ಚಬೇಡಿ, ಎಕ್ಸ್‌ಚೇಂಜ್ ನಿಮಗೆ ಹೇಳುತ್ತಿರುವ ಕಾರಣ ಅದು. 1 ಬಂದರೆ ಅಂಥ ಸಂಖ್ಯೆಯೇ ಇಲ್ಲ. 16 ಸಹಜ ಮುಕ್ತಾಯ. 17 ಎಂದರೆ ಎದುರಿನ ಲೈನು ಬಿಡುವಾಗಿಲ್ಲ. 18 ಎಂದರೆ ಆ ಕಡೆ ಸಾಧನ ಉತ್ತರಿಸುತ್ತಿಲ್ಲ, ಬಹುಶಃ ಆಫ್ ಆಗಿದೆ. 34 ಬಂದರೆ ದಾರಿಯಲ್ಲಿ ಚಾನಲ್ ಖಾಲಿಯಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. 57 ಬಂತೆಂದರೆ ಡೇಟಾ ಕರೆಗೆ ನಿಮ್ಮ ಲೈನಿನಲ್ಲಿ ಅನುಮತಿ ಇಲ್ಲ, ನೇರವಾಗಿ ಎಸ್‌ಡಿಇ ಹತ್ತಿರ ಹೋಗಿ. 88 ಎಂದರೆ ನೀವು ತಲುಪಿದ್ದು ವಿಡಿಯೊ ಕರೆ ತೆಗೆದುಕೊಳ್ಳಲಾಗದ ಕಡೆಗೆ, ಸಂಖ್ಯೆ ಮತ್ತೆ ನೋಡಿ. ದೂರು ಬರೆಸುವಾಗ ‘ವಿಡಿಯೊ ಬರುತ್ತಿಲ್ಲ’ ಎನ್ನುವುದಕ್ಕಿಂತ ‘ಎರಡನೇ ಲೈನಿನಲ್ಲಿ 57 ಬರುತ್ತಿದೆ’ ಎಂದರೆ ಕೆಲಸ ಬೇಗ ಆಗುತ್ತದೆ.

ಅಮೆರಿಕದಲ್ಲಿರುವ ಕನ್ನಡದ ಪ್ರಾಧ್ಯಾಪಕರಿಂದ ಪಾಠ ಏರ್ಪಡಿಸುವ ಕಾಲೇಜುಗಳಿಗೆ ಒಂದು ಸೂಚನೆ. ಅಲ್ಲಿನ ಕೆಲವು ಜಾಲಗಳಲ್ಲಿ ಚಾನಲ್‌ಗೆ 64ರ ಬದಲು 56 ಕಿಲೊಬಿಟ್ ಮಾತ್ರ ಸಿಗುತ್ತದೆ. 64ರ ಕರೆ ನಿಲ್ಲದಿದ್ದರೆ ವೇಗದ ಪಟ್ಟಿಯಲ್ಲಿ 6×56, ಅಂದರೆ 336 ಆಯ್ಕೆ ಮಾಡಿ ನೋಡಿ.

ಇಷ್ಟೆಲ್ಲ ಆದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಮೂರು ಲೈನಿನ ಸಂಖ್ಯೆ, ಯಾವ ಪೆಟ್ಟಿಗೆ ಯಾವ ಜ್ಯಾಕ್‌ಗೆ, ಎಂಡಿಎಫ್‌ನಲ್ಲಿ ಜೋಡಿಯ ಸಂಖ್ಯೆ, ಪ್ರೋಟೊಕಾಲ್, ಪರೀಕ್ಷೆ ಮಾಡಿದ ದಿನಾಂಕ, ಎಕ್ಸ್‌ಚೇಂಜ್‌ನ ಫೋನು, ಇಷ್ಟನ್ನೂ ಕೈಯಾರೆ ಬರೆದು ಪ್ಲಾಸ್ಟಿಕ್ ಹಾಕಿಸಿ ಎನ್‌ಟಿ-1 ಪೆಟ್ಟಿಗೆಗಳ ಪಕ್ಕದ ಗೋಡೆಗೆ ಅಂಟಿಸಿ. ನೀವು ವರ್ಗವಾಗಿ ಹೋದ ಮೇಲೆ ಆ ಕುರ್ಚಿಗೆ ಬರುವವರಿಗೆ ಮೊದಲು ಬೇಕಾಗುವುದು ಆ ಹಾಳೆ. ದಯವಿಟ್ಟು ಇವತ್ತೇ ಬರೆದಿಡಿ.