ತಪ್ಪುಹೆಜ್ಜೆಯ ವರ್ಷದ ಖರ್ಚು

ಅಂಬೆಗಾಲಿಡುತ್ತಿದ್ದ ಮಗು ಎದ್ದು ನಡೆಯತೊಡಗಿದಾಗ ಮನೆಯ ಖರ್ಚಿನ ದಾರಿಯೂ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಗು ಯಾರ ಆಸರೆಯೂ ಇಲ್ಲದೆ ನಡೆಯಲು ಕಲಿಯುವುದು ಸುಮಾರು 8ರಿಂದ 18 ತಿಂಗಳ ನಡುವೆ ಯಾವಾಗಲಾದರೂ ಆಗಬಹುದು. ಇಷ್ಟು ದೊಡ್ಡ ಅಂತರವಿರುವಾಗ ಮೊದಲ ಹುಟ್ಟುಹಬ್ಬಕ್ಕೆ ಮುನ್ನವೇ ಎಲ್ಲವನ್ನೂ ಕೊಂಡಿಟ್ಟುಕೊಂಡರೆ ಕೆಲವು ಸಾಮಾನು ಪೆಟ್ಟಿಗೆಯಲ್ಲೇ ಹಳತಾಗುತ್ತವೆ. ಬೆಲೆಯನ್ನು ಬಳಕೆಯ ತಿಂಗಳುಗಳಿಂದ ಭಾಗಿಸಿ ನೋಡಿದರೆ ಯಾವುದು ದುಬಾರಿ ಎಂಬುದು ಗೊತ್ತಾಗುತ್ತದೆ. 6,000 ರೂಪಾಯಿಯ ಊಟದ ಕುರ್ಚಿ ಎಂಟು ತಿಂಗಳು ಬಂದರೆ ತಿಂಗಳಿಗೆ 750 ರೂಪಾಯಿ. 150 ರೂಪಾಯಿಯ ಚಿಲಕ ಐದು ವರ್ಷ ಬಂದರೆ ತಿಂಗಳಿಗೆ ಎರಡೂವರೆ ರೂಪಾಯಿ.

ಈ ವಯಸ್ಸಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ವಸ್ತುಗಳು ಸಿಗುವುದು ಮಕ್ಕಳ ಅಂಗಡಿಯಲ್ಲಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ. ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಹಳೆಯ ಮನೆ ಇರಲಿ, ಅದನ್ನು ಕೆಡವಿ ಕಟ್ಟಿದ ಅಪಾರ್ಟ್‌ಮೆಂಟ್ ಇರಲಿ, ನೆಲದಡಿ ನೀರಿನ ಸಂಪು ಇದ್ದೇ ಇರುತ್ತದೆ. ಕಾವೇರಿ ನೀರು ಬಿಟ್ಟ ಹೊತ್ತಿನಲ್ಲಿ ಮುಚ್ಚಳ ಎತ್ತಿ ಎಷ್ಟು ತುಂಬಿತೆಂದು ನೋಡುವುದು, ಮತ್ತೆ ನೋಡಬೇಕಲ್ಲ ಎಂದು ಅರ್ಧ ಸರಿಸಿಯೇ ಬಿಡುವುದು ಬೆಂಗಳೂರಿನ ರೂಢಿ. ನಡೆಯಲು ಕಲಿತ ಮಗುವಿರುವ ಮನೆಯಲ್ಲಿ ಮೊದಲು ಆಗಬೇಕಾದ ಖರ್ಚು ಆ ಮುಚ್ಚಳಕ್ಕೆ ಕೊಂಡಿ ಬೆಸೆಸಿ ಬೀಗ ಹಾಕಿಸುವುದು. ವೆಲ್ಡಿಂಗ್ ಅಂಗಡಿಯವರು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸ ಅದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಬೇಕು. ಅವರು ಒಪ್ಪಿದರೂ ದುಡ್ಡು ಕೊಡದಿದ್ದಾಗ ಜಗ್ಗಾಡುತ್ತ ಕೂರದೆ ಕೈಯಿಂದಲೇ ಹಾಕುವುದು ಮೇಲು. ಬಚ್ಚಲುಮನೆಯ ಬಕೆಟ್ಟಿನಲ್ಲಿ ನಿಂತ ಗೇಣು ನೀರೂ ತಲೆಕೆಳಗಾಗಿ ಬಿದ್ದ ಮಗುವಿಗೆ ಪ್ರಾಣಾಪಾಯವೇ. ಆದ್ದರಿಂದ ಬಚ್ಚಲ ಬಾಗಿಲಿಗೆ ಹೊರಗಡೆ, ಮಗುವಿನ ಕೈಗೆಟುಕದ ಎತ್ತರದಲ್ಲಿ, ಇನ್ನೊಂದು ಚಿಲಕ ಬೇಕು.

ಮೆಟ್ಟಿಲ ಬಾಯಿಗೆ ಹಾಕುವ ಸಿದ್ಧ ಗೇಟುಗಳು ಹೊಸ ಫ್ಲಾಟುಗಳ ಅಳತೆಗೆ ಹೊಂದುತ್ತವೆ. ಅಗಲ ಬಾಗಿಲಿನ, ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಅವು ನಿಲ್ಲುವುದೇ ಕಷ್ಟ. ಅಂಥ ಕಡೆ ಬಡಗಿಯಿಂದ ಎದೆಮಟ್ಟದ ಪ್ಲೈವುಡ್ ಬಾಗಿಲು ಮಾಡಿಸುವುದು ಗಟ್ಟಿ. ಮೆಟ್ಟಿಲ ಮೇಲ್ತುದಿಗಂತೂ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದೇ ಆಗಬೇಕು; ಒತ್ತಡದ ಮೇಲೆ ನಿಂತ ಗೇಟು ಮಗು ಜೋತುಬಿದ್ದರೆ ಜಾರುತ್ತದೆ. ಬೀರು, ಪುಸ್ತಕದ ಕಪಾಟು, ಟಿವಿ ಸ್ಟ್ಯಾಂಡುಗಳನ್ನು ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಯುವುದು, ಕೆಳಮಟ್ಟದ ಪ್ಲಗ್ಗುಗಳಿಗೆ ಮುಚ್ಚಳ ಹಾಕುವುದು ಒಂದು ಭಾನುವಾರದ ಕೆಲಸ.

ತಿಂಗಳುಗಳಷ್ಟೇ ಬಳಕೆಯಾಗುವ ವಸ್ತುಗಳನ್ನು ಎರವಲು ತರುವುದು ಹಳೆಯ ಪದ್ಧತಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ತೊಟ್ಟಿಲು ಅಣ್ಣನ ಮನೆಯಿಂದ ತಂಗಿಯ ಮನೆಗೆ ಹೋಗುತ್ತಲೇ ಇರುತ್ತದೆ. ಆದರೆ ಮಗು ಅಂಚು ಹಿಡಿದು ಎದ್ದು ನಿಲ್ಲಲು ಕಲಿತ ದಿನವೇ ಅದನ್ನು ಬಿಚ್ಚಿ ಅಟ್ಟಕ್ಕೇರಿಸಬೇಕು. ಎರವಲಿಗೆ ಸಿಕ್ಕರೂ ಬೇಡವೆನ್ನಬೇಕಾದದ್ದು ಮಗುವನ್ನು ಕೂರಿಸಿ ಓಡಾಡಿಸುವ ಚಕ್ರದ ವಾಕರ್. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ. ಮಗುವನ್ನು ಮೆಟ್ಟಿಲಿನತ್ತ, ಒಲೆಯತ್ತ ಬೇಗ ಒಯ್ಯುತ್ತದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಗು ತನ್ನ ಕಾಲ ಮೇಲೆ ನಿಂತು ತಳ್ಳಿಕೊಂಡು ಹೋಗುವ ಮೂರು ಚಕ್ರದ ಮರದ ಗಾಡಿ ಬೇರೆಯದೇ ವಸ್ತು. ಅಜ್ಜಿಯರ ಕಾಲದ ಆ ಗಾಡಿ ಈಗಲೂ ಕೊಳ್ಳಲು ಯೋಗ್ಯ, ಹಿರಿಯರ ಕಣ್ಣು ಮಾತ್ರ ಅದರ ಹಿಂದೆಯೇ ಇರಬೇಕು.

ಆಟಿಕೆಗೆ ದೂರ ಹೋಗಬೇಕಿಲ್ಲ. ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗಿಲಕಿ, ಬಳೆಗೋಪುರ, ಎಳೆಯುವ ಬಂಡಿಗಳು ತಯಾರಾಗುತ್ತವೆ, ಎಂ.ಜಿ. ರಸ್ತೆಯ ಕಾವೇರಿ ಮಳಿಗೆಯಲ್ಲೂ ಸಿಗುತ್ತವೆ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗೂ ಭೌಗೋಳಿಕ ಸೂಚಕ ಪಡೆದವುಗಳಿಗೂ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆಯಲ್ಲಿ ಆ ಗುರುತು ಕಾಣದಿದ್ದರೆ ಗಾಬರಿ ಬೇಡ, ರಸ್ತೆ ಬದಿಯ ಪ್ಲಾಸ್ಟಿಕ್ ಗೊಂಬೆಯಲ್ಲಿ ಕಾಣದಿದ್ದರೆ ಬೇಕು. ಗುಂಡಿ ಬ್ಯಾಟರಿ ಹಾಕುವ, ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಯಾರು ಕೊಟ್ಟರೂ ಅಟ್ಟಕ್ಕೇ ಸೇರಿಸಬೇಕು.

ಮನೆಯ ಹೊರಗಿನ ದೊಡ್ಡ ಖರ್ಚನ್ನು ಸ್ಕೂಟರ್ ತರುತ್ತದೆ. ಅಪ್ಪ ಅಮ್ಮನ ನಡುವೆ ಮಗುವನ್ನು ಒತ್ತಿ ಕೂರಿಸಿಕೊಂಡು ಲಿಂಕ್ ರಸ್ತೆಯಿಂದ ಮಲ್ಲೇಶ್ವರಕ್ಕೆ ಹೊರಡುವುದು ನಿತ್ಯದ ನೋಟ. 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಪಟ್ಟಿ 30 ಕಿಲೋ ಭಾರ ತಡೆಯುವಂಥದ್ದಾಗಿರಬೇಕು ಎಂದೂ ನಿಯಮ ಹೇಳುತ್ತದೆ. ಈ ಪಟ್ಟಿ ಮೂರು ವರ್ಷ ಬಳಕೆಯಾಗುವುದರಿಂದ ಇಲ್ಲಿ ಅಗ್ಗದ್ದನ್ನು ಹುಡುಕುವುದು ಜಾಣತನವಲ್ಲ. ಹೆಲ್ಮೆಟ್ ಎರವಲು ತರಬಾರದು. ಒಮ್ಮೆ ಬಿದ್ದು ಪೆಟ್ಟು ತಿಂದಿದ್ದರೆ ಹೊರಗೆ ಗೊತ್ತಾಗುವುದಿಲ್ಲ. ಚಿಕ್ಕಪೇಟೆಗೆ ಬಟ್ಟೆ ಕೊಳ್ಳಲು ಹೋಗುವವರಿಗೆ ಸಂಪಿಗೆ ರಸ್ತೆಯ ನಿಲ್ದಾಣದಿಂದ ಮೆಟ್ರೊ ಇದೆ. ಆ ದಿನ ಹೆಲ್ಮೆಟ್ಟಿನ ಪ್ರಶ್ನೆಯೇ ಏಳುವುದಿಲ್ಲ.

ಡೈಪರ್ ಸದ್ದಿಲ್ಲದೆ ದುಡ್ಡು ತಿನ್ನುವ ಬಾಬ್ತು. ಒಂದಕ್ಕೆ 12 ರೂಪಾಯಿಯಂತೆ ದಿನಕ್ಕೆ ಐದಾದರೆ ತಿಂಗಳಿಗೆ 1,800. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದಿದೆ, ಆದರೂ ಉಳಿತಾಯ ನಿಜವಾಗಿ ಆಗುವುದು ಎಣಿಕೆ ತಗ್ಗಿದಾಗ. ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಡೈಪರ್, ಹಗಲಿಗೆ ಹಳೆಯ ಹತ್ತಿ ಸೀರೆ ಪಂಚೆಯ ಬಟ್ಟೆ ಎಂದು ಪಾಲು ಮಾಡಿಕೊಂಡರೆ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಒಗೆಯುವ ಕೆಲಸ ಮಾತ್ರ ಅಮ್ಮನೊಬ್ಬಳ ತಲೆಗೇ ಕಟ್ಟಬಾರದು.

ಊಟಕ್ಕೆ ಬೇಕಾದದ್ದು ಸ್ವಲ್ಪವೇ. ರಾಗಿ ಸರಿಗೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು, ಸ್ಟೀಲಿನ ಬಟ್ಟಲು, ಚಿಕ್ಕ ಚಮಚ. ಒಳಲೆಗೆ ನಿವೃತ್ತಿ ಕೊಟ್ಟು ಲೋಟದಲ್ಲಿ ಕುಡಿಯಲು ಕಲಿಸುವ ಕಾಲವಿದು. ಮನೆಯೊಳಗೆ ಬರಿಗಾಲೇ ಸರಿ. ಹೊರಗೆ ಹಾಕುವ ಮೆತ್ತನೆ ತಳದ ಚಪ್ಪಲಿಯನ್ನು ಒಂದು ಜೊತೆಗಿಂತ ಹೆಚ್ಚು ಕೊಂಡರೆ ಪಾದ ಕಾಯುವುದಿಲ್ಲ.

ಮೊದಲ ಹುಟ್ಟುಹಬ್ಬಕ್ಕೆ ಬೆಳ್ಳಿಯ ಬಟ್ಟಲು, ಗೆಜ್ಜೆ, ಉಡಿದಾರ ಬರುತ್ತವೆ. ಒಂದೊಂದು ಇದ್ದರೆ ಚೆಂದ, ನಾಲ್ಕಾದರೆ ಬೀರುವಿನಲ್ಲಿ ಕಪ್ಪಾಗುತ್ತವೆ. ಮಾರುವಾಗ ಮಜೂರಿ ಹೋಯಿತೆಂದೇ ಲೆಕ್ಕ. ಹತ್ತಿರದ ನೆಂಟರು ಏನು ಕೊಡಲಿ ಎಂದು ಕೇಳಿದರೆ ಹಣವೆಂದು ಹೇಳುವುದು ಒಳ್ಳೆಯದು. ಹೆಣ್ಣುಮಗುವಾದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಗಂಡುಮಗುವಾದರೆ ಅಪ್ರಾಪ್ತರ ಹೆಸರಿನ ಪಿಪಿಎಫ್ ಇದೆ. ಸುಕನ್ಯಾ ಖಾತೆಯನ್ನು ತೆರೆಯಬೇಕಾದವರು ತಂದೆ ತಾಯಿ ಅಥವಾ ಕಾನೂನುಬದ್ಧ ಪೋಷಕರು. ಅಜ್ಜ ಅಜ್ಜಿಯರು ಉಡುಗೊರೆಯ ಹಣವನ್ನು ಅವರ ಕೈಗೆ ಕೊಟ್ಟು ಕಟ್ಟಿಸಬಹುದು.