ಹಳೆಯ ಕಾರಿನ ಅಲಾರಂ: ದೋಷವನ್ನು ಹುಡುಕುವ ಕ್ರಮ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾರಿನ ತಂತಿ, ಫ್ಯೂಸುಗಳ ಮಾತೇಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆಯವರು ಮೂರನೆಯ ತರಗತಿಗೇ ಶಾಲೆ ಬಿಟ್ಟು ಮೋಟಾರು ವಾಹನಗಳ ವಿದ್ಯುತ್ ಕೆಲಸವನ್ನು ಕಲಿತವರು. ತರ್ಕಶಾಸ್ತ್ರದ ಪಾಠದಲ್ಲಿ ಅನ್ವಯ-ವ್ಯತಿರೇಕಗಳ ವಿಚಾರ ಬಂದಿತು. ಒಂದು ಇದ್ದೆಡೆ ಇನ್ನೊಂದು ಇರುವುದು ಅನ್ವಯ. ಅದಿಲ್ಲದೆಡೆ ಇದೂ ಇಲ್ಲದಿರುವುದು ವ್ಯತಿರೇಕ. ಇದನ್ನೇ ಅಲ್ಲವೆ ತಂದೆಯವರು ಷೆಡ್ಡಿನಲ್ಲಿ ಹೆಸರು ಹೇಳದೆ ದಿನವೂ ಮಾಡುತ್ತಿರುವುದು ಎಂದು ನನಗೆ ಆಗ ಹೊಳೆಯಿತು. ಆ ಕ್ರಮವನ್ನು ಒಂದೇ ಉದಾಹರಣೆಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆ ಒಂದು ಅಂಬಾಸಡರ್ ಕಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸುತ್ತಿದ್ದ ಈ ಕಾರಿನ ಉತ್ಪಾದನೆ ೨೦೧೪ರಲ್ಲಿ ನಿಂತಿತು. ಇದರ ಮಾಲೀಕರು ಮದುವೆ ದಿಬ್ಬಣಗಳಿಗೆ ಕಾರನ್ನು ಬಾಡಿಗೆಗೆ ಕೊಟ್ಟು ಜೀವನ ನಡೆಸುವವರು. ಕಳ್ಳರ ಭಯದಿಂದ ಹಾಕಿಸಿದ್ದ ಅಲಾರಂ ಬೆಳಗಿನ ಜಾವದಲ್ಲಿ ತಾನಾಗಿಯೇ ಕೂಗತೊಡಗಿತು. ನೆರೆಯವರು ಬೈದರು, ಮುಹೂರ್ತದ ಹೊತ್ತಿಗೆ ಬ್ಯಾಟರಿ ಬರಿದಾಗಿ ಎರಡು ಬಾಡಿಗೆಗಳು ತಪ್ಪಿಹೋದವು. ಬೇರೊಂದು ಕಡೆ ಅಲಾರಂ ಪೆಟ್ಟಿಗೆಯನ್ನು ಎರಡು ಸಲ ಬದಲಾಯಿಸಿದರೂ ಗುಣ ಕಾಣಲಿಲ್ಲ. ಕೊನೆಗೆ ಅಲಾರಮ್ಮನ್ನೇ ಕಿತ್ತು ಹಾಕಿಸಬೇಕೆಂದು ಅವರು ನಮ್ಮಲ್ಲಿಗೆ ಬಂದರು.

ಅಲಾರಮ್ಮಿನ ರಚನೆ ಬಹಳ ಜಟಿಲವಾದುದೇನಲ್ಲ. ಬಾಗಿಲು, ಬಾನೆಟ್, ಡಿಕ್ಕಿಗಳ ಬಳಿ ಒಂದೊಂದು ಗುಂಡಿ ಸ್ವಿಚ್ಚು ಇರುತ್ತದೆ. ಬಾಗಿಲು ಮುಚ್ಚಿದಾಗ ಗುಂಡಿ ಒತ್ತಿಕೊಂಡು ಸಂಪರ್ಕ ಕಡಿಯುತ್ತದೆ. ತೆರೆದಾಗ ಗುಂಡಿ ಹೊರಬಂದು ತಂತಿಯು ಕಾರಿನ ಮೈಗೆ, ಎಂದರೆ ಅರ್ತಿಗೆ, ಸೇರುತ್ತದೆ. ಅದನ್ನರಿತ ಪೆಟ್ಟಿಗೆಯು ಹಾರನ್ನನ್ನು ಕೂಗಿಸುತ್ತದೆ. ಕಾವಲಿಗೆ ಕುಳಿತ ಪೆಟ್ಟಿಗೆಗೆ ಕಣ್ಣಿಲ್ಲ. ತಂತಿ ಅರ್ತಿಗೆ ತಾಗಿದ್ದು ಕಳ್ಳನ ಕೈಯಿಂದಲೋ ತುಕ್ಕಿನಿಂದಲೋ ಎಂಬುದು ಅದಕ್ಕೆ ತಿಳಿಯದು.

ಮೊದಲು ನೋಡತಕ್ಕದ್ದು ಬ್ಯಾಟರಿಯನ್ನು. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ೧೨ ವೋಲ್ಟಿನ ಬ್ಯಾಟರಿ ಸುಮಾರು ೧೨.೬ ವೋಲ್ಟು ತೋರಿಸಬೇಕು. ಬ್ಯಾಟರಿ ಸೋತಿದ್ದರೆ ಕೆಲವು ಅಲಾರಮ್ಮುಗಳು ಆ ಕಾರಣಕ್ಕೇ ಕೂಗುವುದುಂಟು. ಆದ್ದರಿಂದ ಚಾರ್ಜು ಮಾಡದೆ ಮುಂದಿನ ಪರೀಕ್ಷೆ ವ್ಯರ್ಥ. ಅನಂತರ ಕಾರು ನಿಂತಾಗ ಎಷ್ಟು ವಿದ್ಯುತ್ತು ಸೋರುತ್ತಿದೆಯೆಂದು ಅಳೆಯಬೇಕು. ಬ್ಯಾಟರಿಯ ಋಣ ಧ್ರುವದ ಕೇಬಲನ್ನು ಬಿಚ್ಚಿ, ಧ್ರುವಕ್ಕೂ ಕೇಬಲಿಗೂ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಅಳತೆಗೆ ಇಟ್ಟು ಜೋಡಿಸುವುದು. ಆಗ ಸ್ಟಾರ್ಟರ್ ಒತ್ತಿದರೆ ಮೀಟರಿನ ಕಥೆ ಮುಗಿಯಿತು! ಕಾವಲಿನಲ್ಲಿರುವ ಅಲಾರಂ ೨೦ ಮಿಲಿಆಂಪಿಯರ್ ಎಳೆದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಗಂಟೆ ಖರ್ಚು; ಇದು ಸಹಿಸುವಂತಹುದೇ. ಆದರೆ ಎಲ್ಲೋ ೫ ವಾಟಿನ ಒಂದು ದೀಪ ಆರದೆ ಉಳಿದರೆ ದಿನಕ್ಕೆ ೧೦ ಆಂಪಿಯರ್-ಗಂಟೆ ಹೋಗುತ್ತದೆ. ೬೦ ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಒಂದು ವಾರವೂ ತಾಳಲಾರದ ಹೊರೆ. ಹೀಗೆ ಹೆಚ್ಚು ಕಂಡಾಗ ಒಂದೊಂದೇ ಫ್ಯೂಸನ್ನು ತೆಗೆಯುತ್ತ ಬರಬೇಕು. ಯಾವುದನ್ನು ತೆಗೆದೊಡನೆ ಮೀಟರಿನ ಅಂಕ ಬೀಳುವುದೋ ಆ ದಾರಿಯಲ್ಲೇ ಸೋರಿಕೆಯಿದೆ. ವ್ಯತಿರೇಕವೆಂದರೆ ಇದೇ. ನಮ್ಮ ಅಂಬಾಸಡರಿನಲ್ಲಿ ಅಂತಹ ಸೋರಿಕೆ ಸಿಗಲಿಲ್ಲ. ಎಂದರೆ ಬ್ಯಾಟರಿಯನ್ನು ಬರಿದು ಮಾಡುತ್ತಿದ್ದುದು ರಾತ್ರಿಯ ಕೂಗೇ ಎಂದಾಯಿತು.

ಹಾಗಾದರೆ ಕೂಗಿಗೆ ಕಾರಣವೇನು? ಜಾವದಲ್ಲಿ ಮಾತ್ರ ಏಕೆ? ಬಾಗಿಲ ಸ್ವಿಚ್ಚುಗಳ ತಂತಿಗಳನ್ನು ತಂದೆಯವರು ಒಂದೊಂದಾಗಿ ಬಿಚ್ಚಿ, ರಾತ್ರಿಗೊಂದರಂತೆ ಪರೀಕ್ಷಿಸಿದರು. ಒಂದೇ ದಿನ ಎರಡನ್ನು ಬಿಚ್ಚಿದರೆ ಬೇಗ ಮುಗಿಯುವುದಿಲ್ಲವೆ ಎಂದು ನಾನು ಕೇಳಿದ್ದಕ್ಕೆ, “ಎರಡು ಬಿಚ್ಚಿ ಸರಿಹೋದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಹೇಳ್ತೀಯೋ ಮಗ?” ಎಂದರು. ಮೂರನೆಯ ರಾತ್ರಿ, ಹಿಂದಿನ ಎಡಬಾಗಿಲಿನ ತಂತಿಯನ್ನು ಬಿಚ್ಚಿದಾಗ, ಕಾರು ಮೌನವಾಗಿತ್ತು. ಆ ಸ್ವಿಚ್ಚಿನ ರಬ್ಬರು ಟೊಪ್ಪಿಗೆ ಒಣಗಿ ಸೀಳಿತ್ತು. ಇಬ್ಬನಿಯ ನೀರು ಇಳಿದು ಸಂಪರ್ಕ ಕಲ್ಪಿಸುತ್ತಿತ್ತು. ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ತಂತಿಯನ್ನು ಮತ್ತೆ ಜೋಡಿಸಿ, ಬಾಗಿಲು ಮುಚ್ಚಿ, ಸ್ವಿಚ್ಚು ಒಣಗಿರುವಾಗ ಅಲಾರಂ ಸುಮ್ಮನಿರುವುದನ್ನು ನೋಡಿ, ಅನಂತರ ಸಂದಿಯಿಂದ ನಾಲ್ಕು ಹನಿ ನೀರು ಬಿಟ್ಟರು. ಕೂಗಿತು! ಅನ್ವಯವೂ ಸಿದ್ಧವಾಯಿತು.

ಕೂಗು ಮಾತ್ರ ನರಳಿದಂತೆ ಕ್ಷೀಣವಾಗಿತ್ತು. ಇಲ್ಲಿ ಮೋಸಹೋಗುವವರೇ ಹೆಚ್ಚಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಲಾರಮ್ಮಿಗೆಂದೇ ಕೂರಿಸಿದ್ದ ಬೇರೆ ಹಾರನ್ನಿನ ಅರ್ತಿನ ತಂತಿಯನ್ನು ಬಣ್ಣ ಬಳಿದ ತಗಡಿನ ಮೇಲೆಯೇ ತಿರುಪು ಹಾಕಿ ಬಿಗಿದಿದ್ದರು. ಮೀಟರಿನ ‘ಬೀಪ್’ ಪರೀಕ್ಷೆಯಲ್ಲಿ ಸಂಪರ್ಕ ಸರಿಯೆಂದೇ ಬರುತ್ತಿತ್ತು; ಏಕೆಂದರೆ ಆ ಪರೀಕ್ಷೆಯಲ್ಲಿ ಹರಿಯುವುದು ಅತ್ಯಲ್ಪ ವಿದ್ಯುತ್ತು. ಹತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಹೂಂಗುಟ್ಟುತ್ತದೆ. ಆದರೆ ೫ ಆಂಪಿಯರ್ ಎಳೆಯುವ ಹಾರನ್ನಿನ ರೋಧ ಸುಮಾರು ೨.೪ ಓಮ್. ಅರ್ತಿನಲ್ಲಿ ಬರಿಯ ೧ ಓಮ್ ಸೇರಿದರೆ ಪ್ರವಾಹ ೩.೫ ಆಂಪಿಯರಿಗೆ ಇಳಿದು, ಅಷ್ಟೇ ವೋಲ್ಟುಗಳು ತುಕ್ಕಿನ ಪಾಲಾಗಿ, ಹಾರನ್ನಿಗೆ ೮.೫ ವೋಲ್ಟು ಮಾತ್ರ ಉಳಿಯುತ್ತದೆ. ಆದುದರಿಂದ ಹಾರನ್ ಕೂಗುತ್ತಿರುವಾಗಲೇ, ಅದರ ಅರ್ತಿನ ತುದಿಗೂ ಬ್ಯಾಟರಿಯ ಋಣ ಧ್ರುವಕ್ಕೂ ನಡುವೆ ವೋಲ್ಟನ್ನು ಅಳೆಯಬೇಕು. ಒಂದೆರಡು ದಶಾಂಶಕ್ಕಿಂತ ಹೆಚ್ಚು ಬಂದರೆ ಅರ್ತು ಕೆಟ್ಟಿದೆ. ಉಪ್ಪು ಕಾಗದದಿಂದ ತಗಡನ್ನು ಹೊಳೆಯುವಂತೆ ಉಜ್ಜಿ, ತಂತಿ ಬಿಗಿದು, ಮೇಲೆ ಗ್ರೀಸು ಸವರಿದರೆ ಸಾಕು. ಹೊರೆ ಹೊರಿಸದೆ ಮಾಡಿದ ಪರೀಕ್ಷೆಯನ್ನು ನಂಬಬಾರದೆಂಬುದು ನನ್ನ ಅಭಿಪ್ರಾಯ. (ನಮ್ಮ ಕಿರುಪರೀಕ್ಷೆಗಳ ವಿಷಯದಲ್ಲೂ ಇದೇ ಮಾತನ್ನು ಹೇಳಬಹುದೇನೋ, ಅಧ್ಯಾಪಕರು ಮನ್ನಿಸಬೇಕು.)

ಹಳೆಯ ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ಇನ್ನೆರಡು ಎಡವಟ್ಟುಗಳುಂಟು. ಮೊದಲನೆಯದು, ಕಾರಿನ ಮೂಲ ಹಾರನ್ನಿಗೆ ಧನ ವಿದ್ಯುತ್ತು ಸದಾ ಇದ್ದು, ಗುಂಡಿ ಒತ್ತಿದಾಗ ಅರ್ತು ದೊರೆಯುವ ಏರ್ಪಾಡು ಸಾಮಾನ್ಯ. ಇದನ್ನರಿಯದೆ ಗುಂಡಿಯ ತಂತಿಗೆ ಅಲಾರಮ್ಮಿನ ಧನ ತಂತಿಯನ್ನು ಸೇರಿಸಿದರೆ ಹಾರನ್ ಕೂಗುವುದಿಲ್ಲ. ಆಗ ಗುಂಡಿ ಒತ್ತಿದರಂತೂ ಫ್ಯೂಸು ಸುಡುತ್ತದೆ. ಎರಡನೆಯದು ಇನ್ನೂ ಅಪಾಯಕರ. ೧೯೫೦ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವೇ ಕಾರಿನ ಮೈಗೆ ಸೇರಿರುತ್ತದೆ. ಇಂದಿನ ಅಲಾರಮ್ಮುಗಳು ಸಾಮಾನ್ಯವಾಗಿ ಋಣ ಧ್ರುವ ಮೈಗೆ ಸೇರಿದ ಕಾರುಗಳಿಗಾಗಿ ಮಾಡಿದವು. ತಿಳಿಯದೆ ಜೋಡಿಸಿದರೆ ಪೆಟ್ಟಿಗೆ ಕ್ಷಣದಲ್ಲಿ ಸುಟ್ಟೀತು. ತಂತಿಗಳ ಬಣ್ಣ ಅಲ್ಲಿ ನೆರವಿಗೆ ಬರುತ್ತದೆ: ಕಂದು ಬ್ಯಾಟರಿಯಿಂದ ನೇರವಾಗಿ ಬಂದದ್ದು, ಬಿಳಿ ಇಗ್ನಿಷನ್ ಕೀಲಿಯದು, ಹಸಿರು ಅದೇ ಕೀಲಿಯಿಂದ ಫ್ಯೂಸಿನ ಮೂಲಕ ಬಂದದ್ದು, ಕಪ್ಪು ಅರ್ತು. ಆದರೆ ಅರ್ಧ ಶತಮಾನದಲ್ಲಿ ಎಷ್ಟು ಕೈಗಳು ಎಷ್ಟು ತಂತಿಗಳನ್ನು ಬದಲಿಸಿರುತ್ತವೆಯೋ! ಬಣ್ಣವನ್ನು ನೋಡಿ ಊಹಿಸಿ, ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು.

ಆ ಅಂಬಾಸಡರಿಗೆ ಕೊನೆಗೆ ಬೇಕಾದದ್ದು ಒಂದು ಹೊಸ ಗುಂಡಿ ಸ್ವಿಚ್ಚು ಮತ್ತು ಒಂದು ಚೂರು ಉಪ್ಪು ಕಾಗದ. ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಕೆಲಸ ಮುಗಿದ ಮೇಲೆ ತಂದೆಯವರು ತಂತಿಗಳ ದಾರಿಯನ್ನು ಬಾಯಲ್ಲಿ ಹೇಳುತ್ತ ಹೋದರು. ನಾನು ಅದನ್ನು ಒಂದು ರಟ್ಟಿನ ಮೇಲೆ ಬಣ್ಣಗಳ ಸಹಿತ ಬರೆದು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಮುಂದೆ ಆ ಕಾರಿನ ಮೇಲೆ ಕೈಯಿಡುವವರಿಗೆ ಅದು ಸಿಗುತ್ತದೆ.